ಅಚ್ಚಿನ ಮೇಲಿನ ಬೆಣ್ಣೆ

ಬೆಣ್ಣೆ ಕರಗುವ ವಾಸನೆ ಮೂಗಿಗೆ ಬಡಿದರೆ ಸಾಕು, ಈ ವಯಸ್ಸಿನಲ್ಲೂ ನಾನು ನಾಗಮಂಗಲದ ನಮ್ಮ ಹಿತ್ತಲಿನಲ್ಲಿ ಕೂತಿರುತ್ತೇನೆ.

ನಮ್ಮದು ಕಂಚಿನ ದೀಪ ಎರೆಯುವ ಮನೆ. ಅಪ್ಪನನ್ನು ಫಿರಂಗಿ ಎರೆಯಲೆಂದು ಶ್ರೀರಂಗಪಟ್ಟಣದ ಕೋಟೆಗೆ ಕರೆದೊಯ್ದು ಒಂದು ಮಳೆಗಾಲ ಕಳೆದಿತ್ತು, ಸುದ್ದಿಯೇ ಇರಲಿಲ್ಲ. ಅಂದು ಬೆಳಿಗ್ಗೆ ತಾತ ಮಣ್ಣಿನ ಅಚ್ಚಿಗೆ ಕಂಚು ಎರೆದು, ಇದ್ದಿಲು ತರಲು ಹೋಗಿದ್ದ. ಬಿಸಿಯಲ್ಲೇ ಅಚ್ಚು ಒಡೆದರೆ ದೀಪ ಸೀಳಿಹೋಗುತ್ತದೆ. ಆರಿತೋ ಇಲ್ಲವೋ ತಿಳಿಯಲು ಅಜ್ಜಿ ಅದರ ಮೇಲೆ ಬೆಣ್ಣೆಯ ಚೂರಿಡುತ್ತಿದ್ದಳು. ಇಟ್ಟಾಗಲೆಲ್ಲ ಅದು ಕರಗಿ ಜಾರುತ್ತಿತ್ತು.

"ಒಡ್ದ್ಬುಡಾನ ಅತ್ತೆ, ಕಾದು ಕಾದು ಸಾಕಾಯ್ತು," ಅಂದಳು ಅವ್ವ. ಅಚ್ಚಿನ ಮಣ್ಣು ಕಲಸಿ ಕಲಸಿ ಅವಳ ಅಂಗೈ ಒಣಗಿದ ಕೆರೆಯಂತೆ ಬಿರಿದಿತ್ತು.

"ಕೈ ಕೊಡವ್ವ ಇಲ್ಲಿ," ಅಂದ ಅಜ್ಜಿ, ಕರಗಿದ ಬೆಣ್ಣೆಯನ್ನು ಬೆರಳಿನಲ್ಲಿ ಬಳಿದು ಆ ಬಿರುಕುಗಳಿಗೆ ತಿಕ್ಕಿದಳು. ಉರಿಗೆ ಅವ್ವ ಮೊದಲು ಮುಖ ಕಿವುಚಿದಳು, ಆಮೇಲೆ ಹಾಯೆನಿಸಿ ಕಣ್ಣು ಮುಚ್ಚಿದಳು.

"ಅಪ್ಪ ಬತ್ತಾನಾ ಅಜ್ಜಿ?" ಅಂದೆ.

"ಬತ್ತಾನೆ ಕಣ್ ಕೂಸೇ, ದೇವ್ರವ್ನೆ. ನೀ ಓಗಿ ಎಮ್ಮೆಗೆ ಉಲ್ಲಾಕ್ ಬಾ."

ಹುಲ್ಲು ಹಾಕಿ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಅಜ್ಜಿ ಹೊಸದಾಗಿ ಇಟ್ಟಿದ್ದ ಬೆಣ್ಣೆ ಅಚ್ಚಿನ ಮೇಲೆ ಮಲ್ಲಿಗೆ ಮೊಗ್ಗಿನಂತೆ ಬೆಳ್ಳಗೆ ಕೂತೇ ಇತ್ತು.

"ತಕ್ಕೊ ಸುತ್ತಿಗೆ, ಒಡಿ," ಅಂದಳು ಅಜ್ಜಿ.

ಅವ್ವ ಸುತ್ತಿಗೆ ಮುಟ್ಟಲಿಲ್ಲ. ಆ ಬೆಣ್ಣೆಯನ್ನೇ ನೋಡುತ್ತಾ, "ಇನ್ನೂ ಆರಿಲ್ಲ ಕಣತ್ತೆ," ಅಂದು ಎರಡೂ ಅಂಗೈಗಳನ್ನು ಅಜ್ಜಿಯ ಮುಂದೆ ಚಾಚಿದಳು.