ಕಂಬಳಿಯ ಮೇಲೆ ಬೂಟು

ನಿನ್ನೆ ಟ್ರಂಕಿನಿಂದ ಅವ್ವನ ಕರಿಕಂಬಳಿ ತೆಗೆದಾಗ ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ ಮೂಗಿಗೆ ಬಡಿಯಿತು.

ಎಷ್ಟೋ ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಇಂಗ್ಲೆಂಡಿನ ಲಾರ್ಡ್ ಒಬ್ಬರು ಮಗ್ಗ ನೋಡಲು ಚಳ್ಳಕೆರೆಯ ನಮ್ಮ ಮನೆಗೆ ಬಂದಿದ್ದರು. ನೆಲಕ್ಕೆ ಸಾರಿಸಿದ ಸಗಣಿ ಅವರ ಬೂಟಿಗೆ ಅಂಟಬಾರದೆಂದು ಜೊತೆಗೆ ಬಂದ ಆಫೀಸರು ಈ ಕಂಬಳಿಯನ್ನೇ ಎಳೆದು ಮಗ್ಗದ ಮುಂದೆ ಹಾಸಿದರು. ಅವ್ವ ಬಾಗಿಲಿಗೆ ಅಡ್ಡ ನಿಂತಳು.

“ದೇವ್ರಿಗೆ ಗದ್ದುಗೆ ಹಾಸೋ ಕಂಬಳಿ ಇದು. ಬೂಟು ಬಿಚ್ಚಿ ಬರಾಕೆ ಹೇಳ್ರಿ.”

“ಸುಮ್ನಿರಮ್ಮ. ಲಂಡನ್ನಲ್ಲಿ ಮಂತ್ರಿಯಾಗಿದ್ದೋರು ಅವ್ರು. ತಾತನ ಕಾಲದಿಂದ್ಲೂ ಅವ್ರ ಮನೆಗೆ ಪಾರ್ಲಿಮೆಂಟಲ್ಲಿ ಸೀಟು ಐತೆ.”

“ಓಟು ಯಾರು ಹಾಕ್ತಾರೆ?”

“ಓಟೇ ಬೇಕಾಗಿಲ್ಲ. ಆ ಮನೇಲಿ ಹುಟ್ಟಿದ್ರೆ ಸಾಕು.”

“ಹಂಗಾದ್ರೆ ಅಲ್ಲಿ ಬೂಟು ಹಾಕ್ಕಂಡೇ ಕೂರ್ಲಿ. ಇಲ್ಲಿ ಬಿಚ್ಚಬೇಕು.”

ಲಾರ್ಡ್ ಅವ್ವನ ಮುಖವನ್ನೂ ತಮ್ಮ ಕಾಲನ್ನೂ ನೋಡಿದರು. ಯಾರೂ ತರ್ಜುಮೆ ಮಾಡಲಿಲ್ಲ. ಅವರೇ ಜಗಲಿಯ ಮೇಲೆ ಕೂತು ಲೇಸು ಬಿಚ್ಚಿದರು. ಬರಿಗಾಲಲ್ಲಿ ಒಳಗೆ ಬಂದು, ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಲು ಒದ್ದಾಡಿ ಕೂತರು. ಮುಳ್ಳಿನಂತೆ ಚುಚ್ಚುವ ಆ ಉಣ್ಣೆಯ ಮೇಲೆ ಬಹಳ ಹೊತ್ತು ಕೈಯಾಡಿಸಿ ಏನೋ ಹೇಳಿದರು.

“ಇದೇ ಬೇಕಂತೆ. ಅವ್ರ ದೇಶಕ್ಕೆ ಒಯ್ತಾರಂತೆ,” ಎಂದರು ಆಫೀಸರು.

ಅವ್ವ ನಕ್ಕಳು.

“ಬೇರೆ ಕಂಬಳಿ ಕೊಡ್ತೀನಿ, ಇದಲ್ಲ. ಯಾರೇ ಬಂದು ಕೂತ್ರೂ ಕೊನೀಗೆ ಎದ್ದು ಹೋಗೋರು ಅವ್ರೇ, ಕಂಬಳಿ ಅಲ್ಲ ಅಂತ ಹೇಳ್ರಿ.”