ಕಂಪನಿಯ ಮೊದಲ ಹಾಡು

ಚೌಡಯ್ಯ ಮತ್ತೆ ಪಲ್ಲವಿಯ ಮಧ್ಯೆ ಎಡವಿದ. ಬೆಂಗಳೂರಿನಿಂದ ಬಂದಿದ್ದ ಸಂಗೀತದ ಮೇಷ್ಟ್ರು ಹಾರ್ಮೋನಿಯಂ ಮೇಲಿಂದ ಕೈ ತೆಗೆದರು. "ಕಂಠ ಇದೆ, ತಾಳ ನಿಲ್ಲಲ್ವಲ್ಲಪ್ಪ. ಇದನ್ನ ನಂಬ್ಕೊಂಡು ನಾಟಕ ಕಂಪನಿ ಕಟ್ಟೋಕಾಗುತ್ತಾ? ಇದ್ದಿಲಲ್ಲಿ ಓಡೋ ಆ ಬಸ್ಸು ಹೊರಡೋ ಹೊತ್ತಾಯ್ತು, ಬರ್ತೀನಿ."

ದೊಡ್ಡಬಳ್ಳಾಪುರದ ನೇಕಾರರು ಅವರನ್ನು ಕರೆಸಿದ್ದೇ ಕಂಪನಿ ಕಟ್ಟಲು. ಅವರು ಹೋದರೆ ಅದು ಹುಟ್ಟುವ ಮೊದಲೇ ಮುಗಿದಂತೆ. ಮೇಷ್ಟ್ರಿಗೆ ಗೌರವವೆಂದು ಬೀದಿಯ ಮಗ್ಗಗಳನ್ನೆಲ್ಲ ನಿಲ್ಲಿಸಿದ್ದರು. ಆ ಮೌನದಲ್ಲಿ ಚೌಡಯ್ಯ ಕೈಕಾಲು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ.

"ನೇಯದೆ ಇವ್ನು ಯಾವತ್ತು ಹಾಡವ್ನೆ?" ಎನ್ನುತ್ತ ಅವನ ಅತ್ತಿಗೆ ಅಂಜಿನಮ್ಮ ಸೆರಗು ಸಿಕ್ಕಿಸಿಕೊಂಡು ಪಡಸಾಲೆಯ ಮಗ್ಗದ ಗುಂಡಿಗಿಳಿದಳು. "ಈಗ ಹಾಡೋ, ಚೌಡ!"

ಲಾಳಿ ಓಡಿತು. ಮಗ್ಗದ ಬಡಿತಕ್ಕೆ ಚೌಡಯ್ಯ ಕಣ್ಣು ಮುಚ್ಚಿದ; ಪಲ್ಲವಿ ಎಲ್ಲೂ ಎಡವದೆ ಮೇಲೇರಿತು. ಪಕ್ಕದ ಮನೆಯ ಮಗ್ಗ ಅದೇ ತಾಳ ಹಿಡಿಯಿತು, ಆಮೇಲೆ ಎದುರು ಮನೆಯದು. ದಿನಾ ಕೇಳಿ ಕೇಳಿ ಬಾಯಿಗೆ ಬಂದಿದ್ದ ಹಾಡನ್ನು ಗಂಡಸರು, ಹೆಂಗಸರು, ನೂಲು ಸುತ್ತುವ ಮುದುಕಿಯರು ಎತ್ತಿಕೊಂಡರು. ಕಾಲಡಿಯ ನೆಲವೇ ಹಾಡಿದಂತಾಯಿತು.

ಚಪ್ಪಲಿ ಮೆಟ್ಟುತ್ತಿದ್ದ ಮೇಷ್ಟ್ರು ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಹಾಡು ಮುಗಿದ ಮೇಲೆ ಚಪ್ಪಲಿ ಕಳಚಿ ಬದಿಗಿಟ್ಟರು.

"ಇಷ್ಟು ಜನಕ್ಕೂ ಪಾತ್ರ ಎಲ್ಲಿಂದ ತರ್ಲಪ್ಪ?" ಎಂದರು.