ಎಡಕ್ಕೆ ವಾಲಿದ ಅಕ್ಷರ

ನಮ್ಮ ಸಾಫ್ಟ್‌ವೇರ್ ಕಂಪನಿಯಲ್ಲಿ 'ಸ್ಪ್ರಿಂಟ್' ಎನ್ನುವ ಎರಡು ವಾರದ ಕೆಲಸದ ಸುತ್ತು ಮುಗಿದಾಗಲೆಲ್ಲ, ಎಲ್ಲಿ ಎಡವಿದೆವು ಎಂದು ನಾವು ಚೀಟಿ ಬರೆದು ಬೋರ್ಡಿಗೆ ಅಂಟಿಸಬೇಕು. ಹೆಸರು ಹಾಕುವಂತಿಲ್ಲ.

ಆ ಸಲ ಒಂದು ಚೀಟಿಯಲ್ಲಿ ಹೀಗಿತ್ತು: 'ನಾವು ಮಾಡಿದ ಕೆಲಸಕ್ಕೆ ಮ್ಯಾನೇಜರ್ ತಮ್ಮ ಹೆಸರು ಹಾಕಿಕೊಳ್ಳುತ್ತಾರೆ.'

ಮ್ಯಾನೇಜರ್ ಅದನ್ನು ಕಿತ್ತು ನಮ್ಮ ಟೀಮಿನ ವಾರಿಜಾಳ ಮುಂದೆ ಹಿಡಿದ.

"ಈ ಎಡಕ್ಕೆ ವಾಲೋ ಅಕ್ಷರ ನಿಮ್ದೇ ತಾನೆ?"

"ಯಾರು ಬರೆದ್ರು ಅಂತ ಕೇಳಲ್ಲ ಅಂದಿದ್ರಿ, ಸರ್."

"ಕೇಳೋ ಅಗತ್ಯವೇ ಬೀಳಲಿಲ್ಲ."

ಆ ವಾರವೇ ಅವಳ ಕೆಲಸ ಹೋಯಿತು.

ಮುಂದಿನ ಸಭೆಗೆ ಅವನ ಮೇಲಧಿಕಾರಿಯೂ ಬಂದಿದ್ದರು.

"ಟೀಮಲ್ಲಿ ಈಗ ಯಾರದೂ ತಕರಾರಿಲ್ಲ, ಮೇಡಂ."

"ಚೀಟಿಗಳನ್ನ ಓದಿ, ನೋಡೋಣ."

ಅವನು ಬೋರ್ಡಿನತ್ತ ತಿರುಗಿದ. ಉಳಿದ ನಾವು ಎಂಟು ಜನ ಅಂಟಿಸಿದ್ದ ಎಂಟು ಚೀಟಿಗಳಲ್ಲೂ ಅದೇ ವಾಕ್ಯವಿತ್ತು, ಎಡಕ್ಕೆ ವಾಲಿದ ಅಕ್ಷರಗಳಲ್ಲಿ.